ಕರಿ ಅಂಬಾಸಿಡರಿಗೆ ಮೂರನೇ ಪಾಲಿಶ್

ಪಾಲಿಶ್ ಎಂದರೆ ಮೇಲೆ ಏನನ್ನೋ ಬಳಿಯುವುದು ಎಂದು ಜನ ತಿಳಿದಿದ್ದಾರೆ. ಹದಿಮೂರು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅದಲ್ಲ ಅದಲ್ಲ ಎಂದು ಹೇಳಿ ಹೇಳಿ ಬಾಯಿ ಒಣಗಿದೆ. ಹಳೇ ಕಾರಿಗೆ ಹೊಳಪು ಬರುವುದು ಬಳಿಯುವುದರಿಂದಲ್ಲ, ತೆಗೆಯುವುದರಿಂದ. ಬಿಸಿಲಿಗೆ ಸತ್ತು ಪುಡಿಪುಡಿಯಾದ ಮೇಲ್ಪದರವನ್ನು ವಾಟರ್ ಪೇಪರ್ ಹಾಕಿ, ಕಾಂಪೌಂಡ್ ಪೇಸ್ಟ್ ಹಾಕಿ ಉಜ್ಜಿ ತೆಗೆದರೆ ಕೆಳಗಿನ ಬಣ್ಣ ಮುಖ ತೋರಿಸುತ್ತದೆ. ಅಷ್ಟೇ. ಕೊನೆಯಲ್ಲಿ ಹಾಕುವ ವ್ಯಾಕ್ಸ್ ಅದನ್ನು ಕಾಯುವುದಕ್ಕೆ. ಒಂದೊಂದು ಸಲ ಉಜ್ಜಿದಾಗಲೂ ಬಣ್ಣ ಒಂದಿಷ್ಟು ತೆಳ್ಳಗಾಗುತ್ತದೆ. ಬಾವಿಯ ನೀರಿನ ಹಾಗೆ ಬೆಳಗಾಗುವಷ್ಟರಲ್ಲಿ ಮತ್ತೆ ಊರುವ ವಸ್ತುವಲ್ಲ ಅದು.

ಆದ್ದರಿಂದ ಒಂದೇ ಮಳೆಗಾಲದಲ್ಲಿ ಮೂರನೇ ಸಲ ಸಣ್ಣಬೀರಯ್ಯ ಮಾವ ತಮ್ಮ ಕರಿ ಅಂಬಾಸಿಡರನ್ನು ನಮ್ಮ ಶೆಡ್ಡಿಗೆ ತಂದು ನಿಲ್ಲಿಸಿ, “ಪಾಲಿಶ್ ಸರ್ಯಾಗಿ ಕುಂತಿಲ್ಲ ಕಣವ್ವ, ಮಂಕಾಗೇ ಅದೆ” ಎಂದಾಗ ನನಗೆ ಪಿತ್ತ ನೆತ್ತಿಗೇರಿತು.

ನಮ್ಮದು ಬಿಳಿಕೆರೆಯಲ್ಲಿ, ಮೈಸೂರು–ಹುಣಸೂರು ರಸ್ತೆಯ ಬದಿಯಲ್ಲಿ, ವಾಟರ್ ಸರ್ವಿಸ್ ಶೆಡ್ಡು. ಶುರು ಮಾಡಿದ್ದು ನನ್ನ ಗಂಡ ಮಹೇಶ್ಕುಮಾರ್. ಕೆಲಸ ಕಲಿಸಿದ್ದೂ ಅವರೇ. ಐದು ವರ್ಷದ ಹಿಂದೆ ಅವರ ಬೆನ್ನಿನ ಡಿಸ್ಕ್ ಜಾರಿತು. ಅಂದಿನಿಂದ ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಂದವರ ಜೊತೆ ಮಾತಾಡುವ ಇಲಾಖೆ ಅವರದು, ಉಜ್ಜುವ ಇಲಾಖೆ ನನ್ನದು. ಬಫಿಂಗ್ ಮಷಿನ್ನಿನ ತೂಕ ಮೂರೂವರೆ ಕಿಲೋ. ದಿನಕ್ಕೆ ಒಂದು ಕಾರು ಮುಗಿಸುವಷ್ಟರಲ್ಲಿ ಬಲಗೈ ನನ್ನದಲ್ಲ ಎನ್ನುವ ಹಾಗಾಗಿರುತ್ತದೆ. ಸಂಜೆ ಮುದ್ದೆ ತಿರುವಲು ಕೋಲು ಹಿಡಿದರೆ ಬೆರಳುಗಳು ಮಾತು ಕೇಳುವುದಿಲ್ಲ. ರಾತ್ರಿ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಮಲಗುತ್ತೇನೆ, ಬೆಳಿಗ್ಗೆ ಅದೇ ಭುಜಕ್ಕೆ ಮತ್ತೆ ಮಷಿನ್ ಏರಿಸುತ್ತೇನೆ. ಸುಸ್ತು ಎಂದು ಯಾರಿಗೆ ಹೇಳುವುದು? ಹೇಳಿದರೆ ಗಂಡ ತಮ್ಮ ಬೆನ್ನಿನ ಕತೆ ತೆಗೆಯುತ್ತಾರೆ.

ಸಣ್ಣಬೀರಯ್ಯ ಮಾವ ರಕ್ತ ಸಂಬಂಧದವರಲ್ಲ, ನಮ್ಮ ಹಿಂದಿನ ಬೀದಿಯವರು. ಅರವತ್ತೇಳು ವಯಸ್ಸು. ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಹತ್ತಿರ ಡ್ರೈವರ್ ಆಗಿದ್ದವರು. ಆ ವ್ಯಾಪಾರಿ ಹೊಸ ಕಾರು ತಂದಾಗ ಹಳೆಯದನ್ನು ಇವರಿಗೇ ಬಿಟ್ಟುಕೊಟ್ಟರು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅಂದಿನಿಂದ ನಮ್ಮ ಊರಿನ ಮದುವೆ ಗಂಡುಗಳೆಲ್ಲ ಆ ಕಾರಿನಲ್ಲೇ ಛತ್ರಕ್ಕೆ ಹೋದದ್ದು, ಹೆರಿಗೆ ನೋವು ಬಂದವರೆಲ್ಲ ಆ ಕಾರಿನಲ್ಲೇ ಆಸ್ಪತ್ರೆಗೆ ಹೋದದ್ದು. ಈಗ ಆರು ವರ್ಷದಿಂದ ದಿನಾ ಬೆಳಿಗ್ಗೆ ಏಳು ಮಕ್ಕಳನ್ನು ಕೂರಿಸಿಕೊಂಡು ಹುಣಸೂರಿನ ಹೈಸ್ಕೂಲಿಗೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಾರೆ. ಒಂಬತ್ತನೇ ಕ್ಲಾಸಿನ ನನ್ನ ಮಗಳು ನಂದಿತಾ ಆ ಏಳರಲ್ಲಿ ಒಬ್ಬಳು. ಬೆಳಗಿನ ಬಸ್ಸುಗಳು ಮೈಸೂರಿನಿಂದ ಬರುವಾಗಲೇ ತುಂಬಿರುತ್ತವೆ, ನಮ್ಮ ಸ್ಟಾಪಿನಲ್ಲಿ ನಿಂತರೆ ನಿಂತವು, ಇಲ್ಲದಿದ್ದರೆ ಇಲ್ಲ. ಹುಡುಗಿಯನ್ನು ಫುಟ್‌ಬೋರ್ಡಿನ ಮೇಲೆ ನೇತಾಡಿಸಿ ಕಳಿಸುವುದಕ್ಕಿಂತ ಮಾವನ ಕಾರು ಸಾವಿರ ಪಾಲು ಮೇಲು ಎಂದು ನಾನು ನೆಮ್ಮದಿಯಾಗಿದ್ದೆ.

ಮೊದಲನೇ ಪಾಲಿಶ್ ಮಾಡಿದ್ದು ಜೂನಿನಲ್ಲಿ, ಶಾಲೆ ಶುರುವಾದ ವಾರ. ಅದು ನಿಜವಾಗಿಯೂ ಬೇಕಾಗಿತ್ತು. ಕರಿ ಬಣ್ಣ ಬಳಪ ಒರೆಸಿದ ಸ್ಲೇಟಿನ ಹಾಗೆ ಬೆಳ್ಳಗಾಗಿ, ಬೆರಳಿಟ್ಟು ಎಳೆದರೆ ಗೆರೆ ಮೂಡುತ್ತಿತ್ತು. ಎರಡು ದಿನ ಹಿಡಿಯಿತು. ಮುಗಿದಾಗ ಶೆಡ್ಡಿನ ತಗಡಿಗೆ ಹೊಡೆದ ಬೋಲ್ಟುಗಳನ್ನು ಬಾನೆಟ್ಟಿನಲ್ಲಿ ನೋಡಿ ಎಣಿಸಬಹುದಿತ್ತು. ನನಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಎರಡನೇ ಸಲ ಬಂದದ್ದು ಆಗಸ್ಟಿನಲ್ಲಿ. ಮಂಕಾಗಿದೆ ಎಂದರು. ನಾನು ಒಪ್ಪಿಕೊಂಡೆ, ಏಕೆಂದರೆ ಅದು ಸೊಪ್ಪು ಬೇಯಿಸುವ ಕಾಲ. ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ ಮನೆಗಳ ಒಲೆಗೆ ಬೆಂಕಿ ಬಿದ್ದ ಮೇಲೆ ನಮ್ಮ ಕಡೆ ಏನು ಮಂಕಾದರೂ ಅದನ್ನು ಹೊಗೆಯ ತಲೆಗೆ ಕಟ್ಟುತ್ತೇವೆ. ಹಗ್ಗದ ಮೇಲಿನ ಬಟ್ಟೆ ಹಳದಿಯಾದರೆ ಬ್ಯಾರನ್ ಹೊಗೆ. ಮಗುವಿಗೆ ಕೆಮ್ಮು ಬಂದರೆ ಬ್ಯಾರನ್ ಹೊಗೆ. ಕಣ್ಣು ಉರಿದರೂ ಅದೇ, ಕಣ್ಣು ಮಂಜಾದರೂ ಅದೇ. ಮಾವನೂ ಒಂದಿಷ್ಟು ಸೊಪ್ಪು ಬೆಳೆಯುತ್ತಾರೆ, ಅವರ ಬ್ಯಾರನ್ನು ಮನೆಯ ಹಿಂದೆಯೇ ಇದೆ, ಅದರ ಒಲೆಯ ಬಾಯಿಗೆ ಹತ್ತು ಮಾರು ದೂರದಲ್ಲಿ ಕಾರು ನಿಲ್ಲುತ್ತದೆ. ಸೌದೆ ಹಾಕುವವರು ಅವರೇ. ಕಾರಿನ ಬಾಗಿಲ ಹಿಡಿಯ ತುಂಬ ಸೊಪ್ಪಿನ ಅಂಟು ಕರಿಗಟ್ಟಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಅಂಟು ತೆಗೆದು, ಸಣ್ಣಗೆ ಒಂದು ಕೈ ಮಷಿನ್ ಹಿಡಿದು, ವ್ಯಾಕ್ಸ್ ಹಾಕಿ ಕಳಿಸಿದೆ. ಬಾನೆಟ್ಟು ಅಷ್ಟೇನೂ ಮಂಕಾಗಿರಲಿಲ್ಲ ಎಂದು ಆಗಲೇ ಅನಿಸಿತ್ತು. ಮುದುಕರಿಗೆ ಕಾರಿನ ಮೇಲೆ ಮೋಹ, ಇರಲಿ ಎಂದುಕೊಂಡೆ.

ಆ ದಿನಗಳಲ್ಲೇ ನಂದಿತಾ ಇನ್ನೊಂದು ಮಾತು ಹೇಳಿದ್ದಳು. ಮಾವನ ಹೆಂಡತಿ ಪುಟ್ಟಮಲ್ಲಮ್ಮ ಈ ವರ್ಷ ಶಾಲೆ ಶುರುವಾದಾಗಿನಿಂದ ದಿನಾ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದರು.

“ಅಜ್ಜಿ ದಾರಿ ಉದ್ದಕ್ಕೂ ಬಾಯಿ ಮುಚ್ಚಲ್ಲ ಕಣಮ್ಮ. ಬೈಕ್ ಬತ್ತಾ ಅದೆ, ದನ ಅಡ್ಡ ಬಂತು, ಹಂಪ್ ಬಂತು ಅಂತ ಹೇಳ್ತಾನೇ ಇರ್ತಾರೆ. ನಮ್ಗೆಲ್ಲ ನಗೂನೇ ತಡಿಯಕ್ಕಾಗಲ್ಲ.”

ನಾನೂ ನಕ್ಕೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಡ್ರೈವಿಂಗಿಗೆ ಹೆಸರಿಡುವಷ್ಟು ಹಕ್ಕಾದರೂ ಬೇಡವೇ ಎಂದು ತಮಾಷೆ ಮಾಡಿದೆ.

ಮೂರನೇ ಸಲ ಬಂದದ್ದು ಸೆಪ್ಟೆಂಬರಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ. ಬೆಳಿಗ್ಗೆಯಿಂದ ಎರಡು ಗಾಡಿ ತೊಳೆದು, ಒಂದಕ್ಕೆ ಪಾಲಿಶ್ ಮಾಡಿ, ಆಗಷ್ಟೇ ಊಟಕ್ಕೆ ಕೈ ತೊಳೆದಿದ್ದೆ. ಕಾರು ಶೆಡ್ಡಿನ ಒಳಗೆ ಬರುವಾಗ ನೀರಿನ ಡ್ರಮ್ಮಿಗೆ ಲಘುವಾಗಿ ತಾಗಿತು. ಮಹೇಶ್ಕುಮಾರ್ ಕುರ್ಚಿಯಿಂದಲೇ “ಏನ್ ಮಾವ, ಡ್ರಮ್ಮಿಗೂ ಲಿಫ್ಟ್ ಕೊಡ್ತೀರಾ” ಎಂದು ನಕ್ಕರು. ಮಾವ ನಗಲಿಲ್ಲ. ಪುಟ್ಟಮಲ್ಲಮ್ಮ ಅತ್ತೆಯೂ ಜೊತೆಗಿದ್ದರು, ಇಳಿದು ಕಟ್ಟೆಯ ಮೇಲೆ ಕೂತರು.

ನಾನು ಬಾನೆಟ್ಟಿನ ಮೇಲೆ ಒದ್ದೆ ಬಟ್ಟೆ ಆಡಿಸಿ ನೋಡಿದೆ. ಬಣ್ಣ ಚೆನ್ನಾಗಿಯೇ ಇತ್ತು.

“ಇದು ಮಂಕಾ ಮಾವ? ನಿಮ್ ಮೀಸೆ ಕಾಣ್ತಾ ಅದೆ ನೋಡಿ ಇದ್ರಲ್ಲಿ.”

“ಮೀಸೆ ಕಟ್ಕಂಡು ನಾನೇನ್ ಮಾಡ್ಲವ್ವ. ಆ ಮುಂದ್ಗಡೆ ಎರಡು ಮೂಲೆ ಮಿಂಚ್‌ಬೇಕು. ಸ್ಟೇರಿಂಗ್ ಮುಂದೆ ಕುಂತ್ರೆ ಕಾಣಂಗೆ ಮಾಡು. ಮಿಕ್ಕಿದ್ದು ಬುಡು.”

“ಮಾವ, ಬಣ್ಣ ತೆಳುವಾಗೋಗದೆ. ಇನ್ನು ಉಜ್ಜುದ್ರೆ ಕಿತ್ಕಂಡು ಬತ್ತದೆ. ಇದು ಕಂಪನಿಯೋರು ಒಡ್ದಿರೋ ಪೇಂಟು, ನಾನು ತಂದು ಕೊಡಕಾಗಲ್ಲ.”

“ನಿನ್ ಕೈಲಿ ಆಗಲ್ಲ ಅಂದ್ರೆ ಅಂಗಂತ ಏಳ್ಬುಡು, ಹುಣಸೂರಲ್ಲಿ ಮಾಡುಸ್ಕತ್ತೀನಿ.”

ಆ ಮಾತು ಹೇಳಬಾರದಿತ್ತು. ಹದಿಮೂರು ವರ್ಷದಲ್ಲಿ ನನ್ನ ಕೈಗೆ ಹೆಸರಿಟ್ಟವರಿಲ್ಲ. ಊಟ ಬಿಟ್ಟು ಎದ್ದೆ, ಮಷಿನ್ ಎತ್ತಿಕೊಂಡೆ.

ಅಂಬಾಸಿಡರಿನ ಮುಂದಿನ ಮಡ್‌ಗಾರ್ಡುಗಳು ಉಬ್ಬಿಕೊಂಡಿರುತ್ತವೆ, ಡ್ರೈವರ್ ಸೀಟಿನಲ್ಲಿ ಕೂತರೆ ಎರಡರ ನೆತ್ತಿಯೂ ಕಾಣುತ್ತದೆ. ಅಂಥ ಏಣಿನ ಮೇಲೆ ಬಣ್ಣ ಯಾವಾಗಲೂ ತೆಳು. ಅಲ್ಲಿ ಟೇಪು ಅಂಟಿಸಿ, ಸುತ್ತಲಿನ ಜಾಗಕ್ಕೆ ಮಾತ್ರ ಮಷಿನ್ ತೋರಿಸಬೇಕು, ಏಣನ್ನು ಕೈಯಲ್ಲೇ ಬಟ್ಟೆ ಹಿಡಿದು ತೀಡಬೇಕು. ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂದು ಟೇಪು ಅಂಟಿಸಲಿಲ್ಲ. ಹೊಟ್ಟೆ ಹಸಿದಿತ್ತು, ಭುಜ ಸೆಳೆಯುತ್ತಿತ್ತು, ಮಿಂಚಬೇಕಾ, ಮಿಂಚಿಸುತ್ತೇನೆ ಎನ್ನುವ ಹಟ ಬಂದಿತ್ತು. ದಪ್ಪ ಕಾಂಪೌಂಡ್ ಮೆತ್ತಿ, ಬಲಗಡೆ ಮಡ್‌ಗಾರ್ಡಿನ ನೆತ್ತಿಗೆ ಮಷಿನ್ ಒತ್ತಿ ಹಿಡಿದೆ. ಪ್ಯಾಡಿಗೆ ಕರಿ ಮೆತ್ತಿಕೊಂಡಿತು, ಅದು ಮಾಮೂಲಿ. ಎರಡು ನಿಮಿಷದಲ್ಲಿ ಕರಿಯ ಜೊತೆ ಕಂದು ಬಂತು. ಮಷಿನ್ ಎತ್ತಿ ಬಟ್ಟೆಯಿಂದ ಒರೆಸಿದೆ. ಅಂಗೈಯಗಲ ಬಣ್ಣ ಹೋಗಿ, ತುಕ್ಕು ಹಿಡಿಯದಿರಲೆಂದು ಕೆಳಗೆ ಬಳಿದ ರೆಡ್ ಆಕ್ಸೈಡ್ ಕಾಣುತ್ತಿತ್ತು.

ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಹೀಗೆ ಮಷಿನ್ ಒತ್ತಿ ಬಣ್ಣ ಸುಟ್ಟಿರಲಿಲ್ಲ. ಹಟಕ್ಕೆ ಬಿದ್ದು ಕೆಲಸ ಕೆಡಿಸಿದ್ದು ನಾನೇ, ಬೇರೆ ಯಾರ ಮೇಲೂ ಹಾಕುವ ಹಾಗಿರಲಿಲ್ಲ. ಎಡಗಡೆಯದನ್ನು ಟೇಪು ಹಾಕಿ ಸರಿಯಾಗಿ ಮುಗಿಸಿದೆ. ವ್ಯಾಕ್ಸ್ ಹಚ್ಚಿ ಒರೆಸಿದೆ. ಆಮೇಲೆ ಬೈಸಿಕೊಳ್ಳಲು ಸಿದ್ಧಳಾಗಿ ಮಾವನನ್ನು ಕರೆದೆ.

ಮಾವ ಬಂದರು. ಬಲಗಡೆ ಮಡ್‌ಗಾರ್ಡಿನ ಮುಂದೆ ನಿಂತು, ಬಗ್ಗಿ, ತಲೆಯನ್ನು ಆಚೆ ಈಚೆ ಓಲಾಡಿಸಿ ನೋಡಿದರು. ಅವರ ಮೂಗಿಗೂ ಆ ಕಂದು ಕಲೆಗೂ ಒಂದು ಮೊಳ ದೂರವಿರಲಿಲ್ಲ. ಆಮೇಲೆ ಅಂಗೈ ಇಟ್ಟು ಸವರಿದರು. ಕಲೆಯ ಮೇಲೆಯೇ ಸವರಿದರು.

“ಈಗ ಸರ್ಯಾಯ್ತು ನೋಡು. ನುಣ್ಣಗದೆ” ಎಂದರು.

ಕರಿ ಕಾರಿನ ಮೇಲೆ ಅಷ್ಟಗಲದ ಇಟ್ಟಿಗೆ ಬಣ್ಣ. ರಸ್ತೆಯ ಆಚೆಯಿಂದಲೂ ಕಾಣುವಂಥದ್ದು.

“ಮಾವ, ಇಲ್ಲಿ ಸ್ವಲ್ಪ ಕೆಂಪುಗಾದಂಗೆ ಕಾಣ್ತದಾ ನಿಮ್ಗೆ?”

“ಎಲ್ಲಿ? ಓ ಅದಾ. ಬಿಸ್ಲು ಬಿದ್ದದೆ ಕಣವ್ವ.”

ಶೆಡ್ಡಿನೊಳಗೆ ಬಿಸಿಲಿರಲಿಲ್ಲ. ಹೊರಗೂ ಇರಲಿಲ್ಲ, ಮೋಡ ಕವಿದಿತ್ತು. ನಾನು ತಿರುಗಿ ನೋಡಿದೆ. ಕಟ್ಟೆಯ ಮೇಲಿದ್ದ ಪುಟ್ಟಮಲ್ಲಮ್ಮ ಅತ್ತೆ ಆ ಕಲೆಯನ್ನೇ ನೋಡುತ್ತಿದ್ದರು. ನನ್ನ ಕಣ್ಣು ಸಿಕ್ಕಿದ ಕೂಡಲೇ ಸೆರಗಿನ ತುದಿ ಹಿಡಿದು ತಲೆ ಬಗ್ಗಿಸಿದರು.

ಮಹೇಶ್ಕುಮಾರ್ ಮಾವನನ್ನು ಪಕ್ಕದ ಹೋಟ್ಲಿಗೆ ಟೀ ಕುಡಿಯಲು ಕರೆದುಕೊಂಡು ಹೋದರು. ನಾನು ಅತ್ತೆಯ ಪಕ್ಕ ಹೋಗಿ ಕೂತೆ. ಅವರೇ ಮಾತು ತೆಗೆದರು.

“ಎರಡು ಕಣ್ಣಿಗೂ ಪರೆ ಬಂದದೆ ಕಣವ್ವ. ಎಡಗಣ್ಣಲ್ಲಿ ಏನೂ ಕಾಣಲ್ಲ. ಬಲಗಣ್ಣಲ್ಲಿ ಮಂಜು ಮಂಜಾಗಿ ಕಾಣ್ತದಂತೆ. ಮೊದ್ಲು ನಾವೂ ಬ್ಯಾರನ್ ಒಗೆ ಅಂತ್ಲೇ ಅನ್ಕಂಡ್ವಿ. ಸೀಜನ್ ಮುಗುದ್ರೆ ಸರ್ಯಾಯ್ತದೆ ಅಂತಿದ್ರು. ಓದ್ ವರ್ಸದ ಸೀಜನ್ನೂ ಮುಗೀತು, ಸರಿ ಆಗ್ಲಿಲ್ಲ.”

“ಮತ್ತೆ ಗಾಡಿ ಎಂಗೆ ಓಡುಸ್ತಾರೆ ಅತ್ತೆ?”

“ಆ ಮೂಲೆಗಳು ಮಿಂಚುದ್ರೆ ಗಾಡಿ ಎಲ್ಲಿಗಂಟ ಅದೆ ಅಂತ ಗೊತ್ತಾಯ್ತದಂತೆ. ಆ ಬೆಳಕು ನೋಡ್ಕಂಡು ಗಾಡಿ ರೋಡಲ್ಲಿ ಇಟ್ಕತ್ತಾರೆ. ರೋಡಲ್ಲಿ ಏನ್ ಬತ್ತದೆ, ಏನ್ ಓಯ್ತದೆ, ಅದ್ನ ನಾನು ಏಳ್ತೀನಿ.”

ಇಷ್ಟು ತಿಂಗಳು ನಾನು ಉಜ್ಜಿ ಉಜ್ಜಿ ಕೊಟ್ಟದ್ದು ಅಂದಕ್ಕಲ್ಲ. ಕಣ್ಣು ಕಾಣದ ಮನುಷ್ಯನಿಗೆ ಏಳು ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಲು ದಾರಿ ಮಾಡಿಕೊಟ್ಟಿದ್ದೆ. ಲಾರಿಗಳು, ಮಡಿಕೇರಿಗೆ ಓಡುವ ಟೂರಿಸ್ಟ್ ಗಾಡಿಗಳು, ಸೊಪ್ಪಿನ ಬೇಲು ಹೊತ್ತ ಟ್ರ್ಯಾಕ್ಟರುಗಳು, ಎಲ್ಲ ಅದೇ ರಸ್ತೆಯಲ್ಲಿ. ನನ್ನ ಮಗಳು ಹಿಂದಿನ ಸೀಟಿನ ಕಿಟಕಿ ಪಕ್ಕ ಕೂರುತ್ತಾಳೆ.

“ಆಪರೇಸನ್ ಮಾಡ್ಸದಲ್ವಾ ಅತ್ತೆ? ಈಗ ಅರ್ಧ ಗಂಟೆ ಕೆಲ್ಸ ಅದು.”

“ಅವ್ರಣ್ಣಂಗೆ ಮೂವತ್ತು ವರ್ಸದ ಕೆಳಗೆ ಮಾಡುಸ್ದಾಗ ಕಣ್ಣೇ ಓಯ್ತು. ಆ ಎದ್ರಿಕೆ ಓಗಿಲ್ಲ. ನಾನು ಒಪ್ಪುಸಿವ್ನಿ. ದಸರಾ ರಜಕ್ಕೆ ಕಣ್ಣಿನ ಕ್ಯಾಂಪದೆ, ಎಸ್ರು ಬರ್ಸಿವ್ನಿ. ಇನ್ನು ಹತ್ತು ದಿನ ಕಣವ್ವ. ಈಗ ಗಾಡಿ ನಿಲ್ಲುಸುದ್ರೆ ಮಕ್ಕಳನ್ನ ಬೇರೆಯೋರು ಇಡ್ಕತ್ತಾರೆ, ಆಮೇಕೆ ನಮ್ಗೆ ಬರಲ್ಲ. ನೀನು ಯಾರ್ಗೂ ಏಳಬ್ಯಾಡ. ನಾನು ಮುಂದೆ ಕುಂತೇ ಇರ್ತೀನಲ್ಲ.”

ಆಗಲ್ಲ ಎನ್ನಬೇಕಿತ್ತು. ಕೀ ಕೊಡಿ ಎಂದು ಕೈ ಚಾಚಬೇಕಿತ್ತು. ನಾನು “ಆಯ್ತು” ಎಂದೆ. ಏಕೆಂದೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಅತ್ತೆಯ ಮೇಲಿನ ಮರುಕಕ್ಕೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ನನಗೆ ಸಾಕಾಗಿತ್ತು. ಬೇಡ ಎಂದರೆ ವಾದ ಮಾಡಬೇಕು, ಮಾವನಿಗೆ ಹೇಳಬೇಕು, ಆರು ಮನೆಗೆ ಹೋಗಿ ಸಮಜಾಯಿಷಿ ಕೊಡಬೇಕು. ನನಗೆ ಊಟ ಮಾಡಿ ಕಾಲು ಚಾಚಿದರೆ ಸಾಕು ಎನ್ನುವಂತಾಗಿತ್ತು. ಆಯ್ತು ಎನ್ನುವುದು ಒಂದೇ ಮಾತಿನ ಕೆಲಸ.

ಸೋಮವಾರ ಬೆಳಿಗ್ಗೆ ನಂದಿತಾ ಸ್ನಾನಕ್ಕೆ ಹೊರಟಾಗ ಅವಳ ಹಣೆ ಮುಟ್ಟಿ, “ಮೈ ಬಿಸಿ ಅದೆ, ಇವತ್ತು ಸ್ಕೂಲ್ ಬ್ಯಾಡ” ಎಂದೆ. ಅವಳಿಗೆ ಆಶ್ಚರ್ಯ. ಚಳಿ ಜ್ವರ ಬಂದಾಗಲೂ ಕಳಿಸುವವಳು ನಾನು. “ನಂಗೇನೂ ಆಗಿಲ್ಲ ಕಣಮ್ಮ, ಇವತ್ತು ಲ್ಯಾಬ್ ಅದೆ” ಎಂದಳು. ಗದರಿ ಕೂರಿಸಿದೆ. ಗಂಡನಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದರೆ ಮಾತಾಡುವ ಇಲಾಖೆ ಅದನ್ನು ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುತ್ತಿತ್ತು.

ಎಂಟು ಗಂಟೆಗೆ ಕಾರು ಬಂದು ಶೆಡ್ಡಿನ ಮುಂದೆ ಹಾರನ್ ಮಾಡಿತು. ನಾನು ರಸ್ತೆಯಂಚಿಗೆ ಹೋಗಿ, ಅವಳಿಗೆ ಜ್ವರ ಎಂದೆ. ಮಾವ ನಾನು ನಿಂತ ಕಡೆಗೆ ಮುಖ ತಿರುಗಿಸಿ, “ಕಷಾಯ ಮಾಡ್ಕೊಡು” ಎಂದರು. ಅತ್ತೆ ನನ್ನ ಮುಖ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ನಂದಿತಾಳ ಗೆಳತಿ ಪವಿತ್ರ ಕಿಟಕಿ ಪಕ್ಕಕ್ಕೆ, ನನ್ನ ಮಗಳ ಜಾಗಕ್ಕೆ, ಜರುಗಿ ಕೂತಳು. “ಆಂಟಿ, ನೋಟ್ಸ್ ನಾನು ಬರ್ಕಬತ್ತೀನಿ ಅಂತೇಳಿ” ಎಂದಳು. ಆರು ಮಕ್ಕಳನ್ನು ಹೊತ್ತುಕೊಂಡು ಕಾರು ಹೋಯಿತು. ನಾನು ನಿಂತು ನೋಡುತ್ತಿದ್ದೆ. ಒಂದು ಲಾರಿ ಅದನ್ನು ಹಿಂದೆ ಹಾಕಿ ಹೋಯಿತು. ಆಮೇಲೆ ತಿರುವಿನಲ್ಲಿ ಕಾರು ಕಾಣಲಿಲ್ಲ.

ಅವತ್ತು ನಾನು ಏನು ಕೆಲಸ ಮಾಡಿದೆನೋ ನೆನಪಿಲ್ಲ. ಹುಣಸೂರು ಕಡೆಯಿಂದ ಆಂಬ್ಯುಲೆನ್ಸ್ ಬಂದರೆ ಮಷಿನ್ ಆಫ್ ಮಾಡಿ ನಿಲ್ಲುತ್ತಿದ್ದೆ. ಆ ರಸ್ತೆಯಲ್ಲಿ ದಿನಕ್ಕೆ ಎಷ್ಟು ಆಂಬ್ಯುಲೆನ್ಸ್ ಓಡುತ್ತವೆ ಎಂದು ನನಗೆ ಗೊತ್ತಾದದ್ದು ಅವತ್ತೇ. ನಂದಿತಾ ಒಳಗೆ ಟಿವಿ ನೋಡುತ್ತಿದ್ದಳು. ಅವಳ ದನಿ ಕೇಳಿದಾಗಲೆಲ್ಲ ನನಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಆದಾಗಲೆಲ್ಲ ನಾಚಿಕೆಯೂ ಆಗುತ್ತಿತ್ತು. ಆದರೂ ಕೀ ಕೇಳಲು ನಾನು ಎದ್ದು ಹೋಗಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಾರು ಇಲ್ಲೇ ಹಿಂದಿನ ಬೀದಿಯಲ್ಲಿ ನಿಂತಿತ್ತು.

ಐದೂಕಾಲಿಗೆ ಕಾರು ಬಂತು. ಮಕ್ಕಳು ಇಳಿದರು. ನಾನು ಎಣಿಸಿದೆ, ಆರೂ ಜನ. ಪವಿತ್ರ ನೋಟ್‌ಬುಕ್ ಹಿಡಿದುಕೊಂಡು ಶೆಡ್ಡಿಗೆ ಓಡಿ ಬಂದಳು.

“ಆಂಟಿ, ಜ್ವರ ಕಮ್ಮಿ ಆಯ್ತಾ ಅವ್ಳಿಗೆ? ಇದು ಕೊಡಿ. ಲ್ಯಾಬಿಂದೂ ಬರ್ದಿವ್ನಿ.” ಆಮೇಲೆ ನಗುತ್ತ, “ಇವತ್ತು ತಾತ ಗಾಡೀನ ಮಣ್ಣಿಗೇ ಇಳಿಸ್ಬುಟ್ಟಿದ್ರು. ಲಾರಿ ಬಂತು ಲಾರಿ ಬಂತು ಅಂತ ಅಜ್ಜಿ ಕೂಗ್ಕಂಡು ಸ್ಟೇರಿಂಗೇ ಇಡ್ಕಬುಟ್ರು. ನಾವೆಲ್ಲ ಒಂದು ಕಡೀಕೆ ಉಳ್ಳಾಡೋದ್ವಿ” ಎಂದಳು.

ಅವಳ ಮೊಣಕೈ ತರಚಿ ರಕ್ತ ಒಣಗಿತ್ತು. ಅದನ್ನು ಅವಳು ಗಮನಿಸಿಯೂ ಇರಲಿಲ್ಲ.

ನಾನು ಮಷಿನ್ ಕೆಳಗಿಟ್ಟು ಹಿಂದಿನ ಬೀದಿಗೆ ಹೋದೆ. ಮಾವ ಬ್ಯಾರನ್ನಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸೌದೆ ಜೋಡಿಸುತ್ತಿದ್ದರು. ನಾನು ಯಾವ ಪೀಠಿಕೆಯನ್ನೂ ಹಾಕಲಿಲ್ಲ.

“ಮಾವ, ಗಾಡಿ ಕೀ ಕೊಡಿ. ನಾಳೆಯಿಂದ ಮಕ್ಳನ್ನ ಕೂರುಸ್ಕಬ್ಯಾಡಿ.”

ಅವರು ತಿರುಗಲಿಲ್ಲ. “ಇವ್ಳು ಏಳುದ್ಲಾ?”

“ಅತ್ತೆ ಏಳೋದೇನದೆ. ನಾನು ಸುಟ್ಟಾಕಿರೋ ಪೇಂಟು ನಿಮ್ಗೆ ಕಾಣ್ಲಿಲ್ಲ. ನಿಮ್ ಮಡ್‌ಗಾರ್ಡಿನ ಮ್ಯಾಲೆ ಅಂಗೈಯಗಲ ಕೆಂಪು ಬಿದ್ದದೆ ಮಾವ. ಊರೋರೆಲ್ಲ ನೋಡವ್ರೆ, ನೀವೊಬ್ರು ನೋಡಿಲ್ಲ.”

ಕೈಯಲ್ಲಿದ್ದ ಸೌದೆಯನ್ನು ಅವರು ಹಾಗೇ ಹಿಡಿದುಕೊಂಡಿದ್ದರು. “ಮೂವತ್ತೆಂಟು ವರ್ಸ ಓಡ್ಸಿವ್ನಿ. ಒಂದು ಕೋಳಿ ಮ್ಯಾಲೆ ಅತ್ಸಿಲ್ಲ. ಆ ರೋಡು ನನ್ ಮೈಗೆ ಗೊತ್ತದೆ” ಎಂದರು. ದನಿಯಲ್ಲಿ ಕೋಪವಿತ್ತು. ಆದರೆ ಅದು ಸೋತು ಹೋದ ಮನುಷ್ಯನ ಕೋಪ. ನನಗೆ ಅಳು ಬರುವ ಹಾಗಾಯಿತು. ಮಹೇಶ್ಕುಮಾರ್ ಅವರ ಬೆನ್ನು ಹೋದ ದಿನ ಮೈಸೂರಿನ ಆಸ್ಪತ್ರೆಗೆ ನಮ್ಮನ್ನು ಕರೆದುಕೊಂಡು ಹೋದವರು ಇವರೇ.

ಅತ್ತೆ ಒಳಗಿನಿಂದ ಬಂದರು. ಕೀ ಅವರ ಕೈಯಲ್ಲಿಯೇ ಇತ್ತು.

“ತಗಳವ್ವ. ನಂಗೂ ಸಾಕಾಯ್ತು. ದಿನಾ ಕೂಗಿ ಕೂಗಿ ಗಂಟ್ಲು ಬಿದ್ದೋಗದೆ. ಮನೇಗೆ ಬಂದು ಮಲಿಕಂಡ್ರೂ ಲಾರಿ ಬಂತು ಲಾರಿ ಬಂತು ಅಂತಾನೇ ಇರ್ತೀನಂತೆ.” ಆಮೇಲೆ ಮೆಲ್ಲಗೆ, “ಕೀನ ನಿನ್ನೇನೇ ಇಸ್ಕಂಡೋಗ್ಬೇಕಾಗಿತ್ತು ನೀನು” ಎಂದರು.

ಯಾರಿಗೂ ಹೇಳಬೇಡ ಎಂದವರೂ ಅವರೇ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ನಾನು ಕೀ ತೆಗೆದುಕೊಂಡು ಬಂದೆ. ಮಾವ ಒಲೆಯ ಕಡೆಗೇ ಮುಖ ಮಾಡಿಕೊಂಡಿದ್ದರು.

ದಾರಿಯಲ್ಲೇ ಆರು ಮನೆಗೂ ಹೋದೆ. ಮಾವನ ಕಣ್ಣಿಗೆ ಪೊರೆ ಬಂದಿದೆ, ಕ್ಯಾಂಪಿನಲ್ಲಿ ಆಪರೇಷನ್ ಆಗುವವರೆಗೆ ಕಾರು ಇಲ್ಲ ಎಂದೆ. ಯಾರೂ ಬೆಚ್ಚಿ ಬೀಳಲಿಲ್ಲ. ಹಂಗಾದ್ರೆ ನಾಳೆ ಮಕ್ಕಳು ಹೋಗೋದು ಹೆಂಗೆ ಎಂದು ನನ್ನನ್ನೇ ಕೇಳಿದರು, ಕಾರು ನಿಲ್ಲಿಸಿದ್ದು ನನ್ನ ತಪ್ಪು ಎನ್ನುವ ಹಾಗೆ. ಪವಿತ್ರಳ ತಾಯಿ ಮಾತ್ರ ನನ್ನ ಕೈ ಹಿಡಿದುಕೊಂಡು, “ಸದ್ಯ, ಗೊತ್ತಾದ ತಕ್ಷಣ ಬಂದು ಏಳುದ್ರಲ್ಲ ಅಕ್ಕ” ಎಂದಳು. ನಾನು ತಲೆಯಾಡಿಸಿದೆ.

ಮನೆಗೆ ಬಂದಾಗ ಏಳು ಗಂಟೆ. ಒಲೆಯ ಮೇಲೆ ಎಸರಿಟ್ಟೆ. ನಂದಿತಾ ಅಡಿಗೆಮನೆಯ ಬಾಗಿಲಲ್ಲಿ ಕೂತು ಪವಿತ್ರಳ ನೋಟ್‌ಬುಕ್ಕಿನಿಂದ ಬರೆದುಕೊಳ್ಳುತ್ತಿದ್ದಳು. ಮಹೇಶ್ಕುಮಾರ್ ಗೋಡೆಗೆ ಒರಗಿ ಕೂತಿದ್ದರು. ಇಬ್ಬರಿಗೂ ವಿಷಯ ಹೇಳಿದೆ. ಗಂಡ ಅಯ್ಯೋ ಪಾಪ ಎಂದರು, ಡ್ರಮ್ಮಿಗೆ ತಾಗಿಸಿದಾಗಲೇ ನನಗೆ ಅನುಮಾನ ಬಂದಿತ್ತು ಎಂದೂ ಸೇರಿಸಿದರು.

ನಂದಿತಾ ಪೆನ್ನು ನಿಲ್ಲಿಸಿ ಕೇಳಿದಳು. “ನಿಂಗ್ಯಾವಾಗ ಗೊತ್ತಾಯ್ತಮ್ಮ?”

“ನಿನ್ನೆ ಸಾಯಂಕಾಲ.”

ಹಿಟ್ಟು ಕುದಿಯುತ್ತಿತ್ತು. ನಾನು ಕೋಲು ಹಿಡಿದು ತಿರುವತೊಡಗಿದೆ.

“ಅದ್ಕೇನಾ ನಂಗೆ ಜ್ವರ ಅಂದಿದ್ದು?”

ನಾನು ಪಾತ್ರೆಯ ತಳದಿಂದ ಹಿಟ್ಟು ಎಬ್ಬಿಸಿ ತಿರುವಿದೆ.

“ಪವಿತ್ರಂಗೂ ಜ್ವರ ಅಂತ ಏಳ್ಬೋದಿತ್ತಲ್ಲಮ್ಮ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಲೆಕ್ಕ ತಪ್ಪಾಗಿದೆ ಎಂದು ತೋರಿಸುವ ಹಾಗೆ ಹೇಳಿದಳು.

ನನಗೆ ಸುಸ್ತಾಗಿತ್ತು ಮಗಳೇ ಎಂದು ಹೇಳಬೇಕೆನಿಸಿತು. ಸತ್ಯವೂ ಅದೇ. ಆದರೆ ಸುಸ್ತಾಗಿದ್ದವಳು ತನ್ನ ಮಗಳ ಹಣೆ ಮುಟ್ಟಿ ನೋಡಲು ಮರೆಯಲಿಲ್ಲವಲ್ಲ. ಕೋಲು ಕೈಯಿಂದ ಜಾರಿತು. ಮತ್ತೆ ಹಿಡಿದುಕೊಂಡೆ.

ನಂದಿತಾ ನೋಟ್‌ಬುಕ್ ಮಡಚಿ ಎದ್ದಳು. “ಇದ್ನ ವಾಪಸ್ ಕೊಟ್ಟು ಬತ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡಳು. ಬರೆಯುವುದು ಇನ್ನೂ ಅರ್ಧಕ್ಕರ್ಧ ಬಾಕಿ ಇತ್ತು. ಅಮ್ಮನಿಗೆ ನಿನ್ನೆಯೇ ಗೊತ್ತಿತ್ತು ಎಂದು ಅವಳು ಪವಿತ್ರಳ ಮನೆಯಲ್ಲಿ ಹೇಳುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು. ಕೂಗಿ ಕರೆದಿದ್ದರೆ ನಿಲ್ಲುತ್ತಿದ್ದಳು, ನನ್ನ ಮಾತು ಮೀರುವ ಹುಡುಗಿಯಲ್ಲ. ನಾನು ಕರೆಯಲಿಲ್ಲ. ಮುದ್ದೆ ಗಂಟಾಗದ ಹಾಗೆ ತಿರುವುತ್ತಲೇ ಇದ್ದೆ.